ಜಾಯಿಂಟಿನ ಮೇಲಿನ ಅರಿಶಿನ

ಮೇಸ್ತ್ರಿಗೆ ಇದ್ದದ್ದು ಒಂದೇ ಕಣ್ಣು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಆ ಕಣ್ಣಿನ ಸಂಗತಿ. ಎಡಗಣ್ಣು ನಾನು ಅವರನ್ನು ನೋಡುವ ಮೊದಲೇ, ಬೇರೆ ಊರಿನ ಬೇರೆ ಫ್ಯಾಕ್ಟರಿಯಲ್ಲಿ, ಅಮೋನಿಯಾ ಸಿಡಿದು ಹೋಗಿತ್ತು. ಉಳಿದ ಬಲಗಣ್ಣಿನಿಂದಲೇ ಅವರು ಮೀಟರಿನ ಮುಳ್ಳು ಓದುತ್ತಿದ್ದರು, ಸೂಜಿಗೆ ದಾರ ಪೋಣಿಸುತ್ತಿದ್ದರು, ನನ್ನ ತಪ್ಪುಗಳನ್ನು ಹುಡುಕುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವ ರಸ್ತೆಯ ಬದಿಯ ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುವವರು ನಾವಿಬ್ಬರೇ. ಮೇಸ್ತ್ರಿ ಚಿತ್ರದುರ್ಗದ ಹಳೆಯ ಮುಸಲ್ಮಾನ ಮನೆತನದವರು. ಅವರ ಅಜ್ಜ ಬೀಗ ಮಾಡುತ್ತಿದ್ದರಂತೆ. ನಾನು ಹೊಳಲ್ಕೆರೆ ಕಡೆಯವನು, ಮೂವತ್ತು ದಾಟಿದ್ದೆ. ಹೆಂಡತಿಯೊಂದಿಗೆ ಫ್ಯಾಕ್ಟರಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿದ್ದೆ. ನಮ್ಮ ಐಸು ಮಾರಿಕಣಿವೆ ಜಲಾಶಯದ ಮೀನಿಗೆ ಹೋಗುತ್ತಿತ್ತು. ಉಳಿದ ಗಡ್ಡೆಗಳು ಹೊಟ್ಟು ಮೆತ್ತಿಕೊಂಡು, ಗೋಣಿಚೀಲ ಸುತ್ತಿಕೊಂಡು, ಹೊಸದುರ್ಗದ ಬಸ್ಸಿನ ಮೇಲೆ ಸೋರುತ್ತ ಸಾಗುತ್ತಿದ್ದವು.

ಕೆಲಸದ ಕ್ರಮ ಸರಳ. ಕಂಪ್ರೆಸರ್ ಅಮೋನಿಯಾ ಗ್ಯಾಸನ್ನು ಒತ್ತಿ ಕೊಳವೆಗಳಲ್ಲಿ ಸುತ್ತಿಸುತ್ತದೆ. ಅದು ಉಪ್ಪುನೀರಿನ ತೊಟ್ಟಿಯ ಶಾಖವನ್ನು ಹೀರುತ್ತದೆ. ತೊಟ್ಟಿಯಲ್ಲಿ ಇಳಿಬಿಟ್ಟ ತಗಡಿನ ಡಬ್ಬಗಳ ನೀರು ಗಡ್ಡೆ ಕಟ್ಟುತ್ತದೆ. ಗ್ಯಾಸು ಸೌದೆಯ ಹಾಗೆ ಉರಿದು ಮುಗಿಯುವ ವಸ್ತುವಲ್ಲ. ಎಲ್ಲೂ ಸೋರದಿದ್ದರೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತಬೇಕು. ನಮ್ಮಲ್ಲಿ ಸುತ್ತುತ್ತಿರಲಿಲ್ಲ. ಐಸು ಕಟ್ಟುವುದು ತಡವಾಯಿತೋ, ಗಡ್ಡೆಯ ನಡುವೆ ನೀರು ಉಳಿಯಿತೋ, ಮೇಸ್ತ್ರಿ ಯಂತ್ರದ ಮೈ ತಟ್ಟಿ, "ಇದಕ್ಕೆ ಹಸಿವಾಗೈತೆ ಕಣಪ್ಪ, ಕುಡಿಸು" ಅನ್ನುತ್ತಿದ್ದರು. ನಾನು ಹೊಸ ಸಿಲಿಂಡರ್ ಜೋಡಿಸಿ ಗ್ಯಾಸು ಕುಡಿಸುತ್ತಿದ್ದೆ. ಎಲ್ಲಿ ಸೋರುತ್ತಿದೆ ಎಂದು ಹುಡುಕುವುದಕ್ಕಿಂತ ಕುಡಿಸುವುದು ಸುಲಭವಾಗಿತ್ತು.

ಆ ವರ್ಷ ಕರೆಂಟು ಹೇಳಿದ ಗಂಟೆಗಳಲ್ಲಿ ಮಾತ್ರ ಬರುತ್ತಿತ್ತು. ಗ್ಯಾಸು ಕಡಿಮೆಯಾದ ಯಂತ್ರ ಅಷ್ಟೇ ಐಸಿಗೆ ಇನ್ನೂ ಹೆಚ್ಚು ಹೊತ್ತು ಓಡಬೇಕು. ಬಂದ ಕರೆಂಟನ್ನೆಲ್ಲ ತಿಂದೂ ಗಡ್ಡೆ ಅರ್ಧ ನೀರಾಗಿಯೇ ಉಳಿಯುತ್ತಿತ್ತು. ಬೆಲ್ಟಿನ ಸದ್ದು ನಿಂತ ಮೇಲೂ ನನ್ನ ಕಿವಿಯಲ್ಲಿ ಅದು ಓಡುತ್ತಲೇ ಇರುತ್ತಿತ್ತು.

ಸೋರುವ ಜಾಗ ಹುಡುಕಲು ಗಂಧಕದ ಬತ್ತಿ ಇತ್ತು. ಹಚ್ಚಿ ಜಾಯಿಂಟಿನ ಹತ್ತಿರ ಹಿಡಿದರೆ, ಗ್ಯಾಸು ಇದ್ದಲ್ಲಿ ತೆಳುವಾದ ಬಿಳಿ ಹೊಗೆ ಏಳುತ್ತದೆ. ಆ ಹೊಗೆ ಮೇಸ್ತ್ರಿಯ ಒಂದು ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅದನ್ನು ಅವರು ಒಪ್ಪುತ್ತಲೂ ಇರಲಿಲ್ಲ.

"ಬತ್ತಿ ಯಾತಕ್ಕೋ? ನನ್ ಮೂಗು ಐತಲ್ಲ."

"ನಿಮ್ ಮೂಗಿಗೆ ನೆಗಡಿ ಆದ್ರೆ, ಮೇಸ್ತ್ರಿ?"

"ಆವಾಗ ನಿಂದು ಕೊಯ್ದು ಇಟ್ಕಳ್ತೀನಿ."

ಇಬ್ಬರ ಮೂಗೂ ಆ ವಾಸನೆಗೆ ಎಂದೋ ಒಗ್ಗಿಹೋಗಿತ್ತು. ಹೊಸಬರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರೆ ನಾವು ನಗುತ್ತಿದ್ದೆವು.

ಆಯುಧಪೂಜೆಯ ದಿನ ಯಂತ್ರ ತೊಳೆದೆವು. ಪೂಜೆ ನನ್ನದು, ಲೋಬಾನದ ಹೊಗೆ ಮೇಸ್ತ್ರಿಯದು. ಅದು ನಮ್ಮ ನಡುವಿನ ಹಳೆಯ ಏರ್ಪಾಡು. ನನ್ನ ಹೆಂಡತಿ ಕಲಸಿಕೊಟ್ಟ ಅರಿಶಿನವನ್ನು ನಾನು ಕೊಳವೆಯ ಪ್ರತಿ ಜಾಯಿಂಟಿಗೂ ಬೆರಳಿನಿಂದ ಹಚ್ಚಿದೆ. ಕುಂಕುಮ ಇಟ್ಟದ್ದು ಎರಡೇ ಕಡೆ: ಕಂಪ್ರೆಸರಿನ ಹಣೆಗೆ, ಸ್ವಿಚ್ಚಿನ ಹಲಗೆಗೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಆಮೇಲೆ ಎಷ್ಟೋ ಸಲ ಆ ದಿನದೊಳಕ್ಕೆ ಒಂದೊಂದು ಬೆರಳಿನ ಗುರುತು ಹಿಡಿದು ಹಿಂದಕ್ಕೆ ನಡೆದಿದ್ದೇನೆ.

ಮಾರನೆಯ ದಿನ ಗ್ಯಾಸಿನ ಟ್ಯಾಂಕಿನ ಕೆಳಗಿನ ಜಾಯಿಂಟು ನೋಡಿದೆ. ಎರಡು ಕಬ್ಬಿಣದ ಬಿಲ್ಲೆ, ನಡುವೆ ಸೋರದಂತೆ ತಡೆಯುವ ಪ್ಯಾಕಿಂಗು, ಸುತ್ತ ನಾಲ್ಕು ಬೋಲ್ಟು. ಅದರಲ್ಲಿ ಒಂದು ಬೋಲ್ಟಿನ ಬುಡದ ಅರಿಶಿನ ಕೆಂಪಗಿತ್ತು. ಹಿಂದಿನ ಸಂಜೆ ಫ್ಯಾಕ್ಟರಿಯ ಯಜಮಾನರ ಹೆಂಡತಿ ಆರತಿ ತಂದಿದ್ದರಲ್ಲ, ಅವರೇ ಕುಂಕುಮ ಇಟ್ಟಿರಬೇಕು ಅಂದುಕೊಂಡೆ. ಆ ಮೂಲೆಗೆ ಬಗ್ಗಿ ಯಾರು ತಾನೇ ಕುಂಕುಮ ಇಡುತ್ತಾರೆ ಎಂಬ ಯೋಚನೆ ಬರಲಿಲ್ಲ. ಕೈ ಮುಗಿದು ಮುಂದೆ ಹೋದೆ. ಯಾರಿಗೂ ಹೇಳಲಿಲ್ಲ.

ಅದಾದ ಎರಡು ದಿನಕ್ಕೆ, ಬೆಳಗಿನ ಹನ್ನೊಂದರ ಸುಮಾರಿಗೆ, ಮೇಸ್ತ್ರಿ ಟ್ಯಾಂಕಿನ ಬಳಿ ನಿಂತು ಮೂಗು ಅರಳಿಸಿದರು.

"ಇಲ್ಲೇ ಏನೋ ಐತೆ ಕಣ್ಲೇ. ಸ್ಪ್ಯಾನರ್ ತಾ."

ತಂದುಕೊಟ್ಟೆ. ಅವರು ಕುಕ್ಕರುಗಾಲಲ್ಲಿ ಕೂತು, ಮುಖ ಹತ್ತಿರ ಒಯ್ದು, ಬೋಲ್ಟು ಬಿಗಿಯತೊಡಗಿದರು. ನಾನು ಬಾಗಿಲ ಹತ್ತಿರ ಸ್ವಿಚ್ಚಿನ ಬಳಿ ಇದ್ದೆ. ಒಂದು ಸುತ್ತು, ಇನ್ನೊಂದು ಅರ್ಧ ಸುತ್ತು. ಆಮೇಲೆ ಬಟ್ಟೆ ಹರಿದಂಥ ಸದ್ದು. ಬಿಳಿ ಮಂಜು ಅವರ ಮುಖವನ್ನು ಮುಚ್ಚಿತು.

ಸ್ವಿಚ್ಚು ಎಳೆದೆ. ಹೆಗಲ ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡು, ಬಗ್ಗಿ ನುಗ್ಗಿ, ಅವರ ಕಂಕುಳಿಗೆ ಕೈ ಹಾಕಿ ಎಳೆದೆ. ಅವರು ಕೆಮ್ಮುತ್ತಲೇ, "ಮೊದ್ಲು ವಾಲ್ವ್ ಮುಚ್ಚೋ, ಗ್ಯಾಸ್ ಎಲ್ಲಾ ಹೋಗ್ತೈತೆ!" ಎಂದು ಕೂಗಿದರು. ನಾನು ಮುಚ್ಚಲಿಲ್ಲ. ಹೊರಗೆ ಗ್ಯಾಸಿನ ಬಿಸಿ ಕೊಳವೆಗಳನ್ನು ತಣಿಸಲು ಸುರಿಯುವ ನೀರು ತುಂಬುವ ತೊಟ್ಟಿ ಇತ್ತು. ಅದರ ಅಂಚಿಗೆ ಅವರ ತಲೆ ಒರಗಿಸಿ, ಬಲಗಣ್ಣಿನ ರೆಪ್ಪೆಗಳನ್ನು ಎರಡು ಬೆರಳಿನಿಂದ ಬಿಡಿಸಿ ಹಿಡಿದು, ಚೊಂಬಿನಿಂದ ನೀರು ಬಿಟ್ಟೆ. ಎಷ್ಟು ಚೊಂಬು ಎಂದು ಎಣಿಸಿದೆ. ನಡುವೆ ಎಣಿಕೆ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದೆ.

"ಕಣ್ ಬಿಡ್ರಿ ಮೇಸ್ತ್ರಿ. ಮುಚ್ಚಬ್ಯಾಡ್ರಿ."

ಅವರು ಮೆಲ್ಲಗೆ ಕೇಳಿದರು: "ಕರೆಂಟ್ ಹೋತೇನಲೇ?"

ನಾವಿದ್ದದ್ದು ಅಂಗಳದಲ್ಲಿ. ಬಿಸಿಲು ಸುಡುತ್ತಿತ್ತು. ಒಳಗೆ ಗ್ಯಾಸು ಹೊರಗೋಡುವ ಸದ್ದು ಇನ್ನೂ ಕೇಳುತ್ತಿತ್ತು. "ಹೂಂ, ಹೋಯ್ತು" ಅಂದೆ.

ಹಿರಿಯೂರಿನ ಆಸ್ಪತ್ರೆಯಿಂದ ಅವರನ್ನು ಚಿತ್ರದುರ್ಗಕ್ಕೆ ಕಳಿಸಿದರು. ತಕ್ಷಣ ನೀರು ಹಾಕಿದ್ದು ಒಳ್ಳೆಯದಾಯಿತು, ಆದರೆ ಪಟ್ಟಿ ಬಿಚ್ಚುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಆ ದಿನಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ನಿಂತ ಯಂತ್ರದ ಸುತ್ತ ಸುತ್ತುತ್ತಿದ್ದೆ. ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತಿದ್ದೆ.

ಮೂರನೆಯ ಸಂಜೆ ನನ್ನ ಹೆಂಡತಿ, "ಕುಂತ್ಕಳ್ರಿ ಒಂದ್ ಗಳಿಗೆ. ಸಾವಿನ ಬಾಯಿಂದ ಬಂದೀರಿ, ದೃಷ್ಟಿ ತೆಗಿಬೇಕು" ಎಂದಳು. ತಟ್ಟೆಗೆ ನೀರು ಹಾಕಿ ಅರಿಶಿನ ಕದಡಿದಳು. ಎಲೆಯಡಿಕೆಯ ಡಬ್ಬಿಯಿಂದ ಚೂರು ಸುಣ್ಣ ತೆಗೆದು ಬೆರಳಲ್ಲಿ ತಿರುವಿದಳು. ಹಳದಿ ನೀರು ಅಂಚಿನವರೆಗೆ ಕೆಂಪಾಯಿತು.

ಹುಟ್ಟಿದಾಗಿನಿಂದ ನೋಡಿದ್ದೆ. ನನ್ನ ಮದುವೆಯಲ್ಲೂ ಆ ಕೆಂಪು ನೀರಿನ ಆರತಿ ಎತ್ತಿದ್ದರು. ಆದರೂ ಎದ್ದು ನಿಂತೆ.

"ಸುಣ್ಣದಂಗೆ ಸುಡೋ ಬೇರೆ ವಸ್ತುವಿಗೂ ಅರಿಶಿನ ಕೆಂಪಾಗ್ತೈತಾ?"

"ಸೋಪಿಗೂ ಆಗ್ತೈತಲ್ರಿ. ನಿಮ್ ಅಂಗಿ ಒಗಿಯೋಳು ನಾನು. ನಿಮಗೆಲ್ಲಿ ಗೊತ್ತಾಗಬೇಕು?"

ಒದ್ದೆ ಅರಿಶಿನ ಬೆರಳಲ್ಲಿ ತೆಗೆದುಕೊಂಡು ಯಂತ್ರದ ಕೋಣೆಗೆ ಹೋದೆ. ಸಿಲಿಂಡರಿನ ಬಾಯಿಗೆ ಹಚ್ಚಿ, ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿ ಮುಚ್ಚಿದೆ. ಗ್ಯಾಸು ತಾಗಿದ ಹಳದಿ ಕೆಂಪಾಯಿತು. ಯಜಮಾನರ ಹೆಂಡತಿಯನ್ನು ಕೇಳಿದ್ದಕ್ಕೆ, "ಆ ವಾಸನೆಗೆ ನಾನು ಹೊಸಲೇ ದಾಟಲಿಲ್ಲಪ್ಪ" ಅಂದರು.

ಮಾರನೆಯ ದಿನ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆ. ದಾರಿಯಲ್ಲಿ ಎರಡು ಸಲ ಇಳಿದುಬಿಡೋಣ ಅನ್ನಿಸಿತು. ಮೇಸ್ತ್ರಿ ಮಂಚದ ಮೇಲೆ ಕೂತಿದ್ದರು, ಕಣ್ಣಿಗೆ ಪಟ್ಟಿ. ನನ್ನ ಹೆಜ್ಜೆ ಗುರುತಿಸಿ, "ಬಾರಪ್ಪ. ನಿನ್ ಮೂಗು ಕೊಯ್ಯಾಕೆ ಈಗ ಕಣ್ಣೂ ಇಲ್ಲ" ಅಂದರು.

ನಾನು ನಗಲಿಲ್ಲ. ಬೋಲ್ಟಿನ ಬುಡದ ಕೆಂಪನ್ನು ಎರಡು ದಿನ ಮೊದಲೇ ನೋಡಿದ್ದನ್ನು, ಹೇಳದೆ ಹೋದದ್ದನ್ನು, ತಟ್ಟೆಯ ನೀರನ್ನು, ಸಿಲಿಂಡರಿನ ಬಾಯನ್ನು, ಒಂದೂ ಬಿಡದೆ ಹೇಳಿದೆ. ಪಕ್ಕದ ಮಂಚದವರು ಯಾರೋ ನೀರು ಕೇಳಿದರು.

"ಆ ಕೆಂಪು ನಾನೂ ನೋಡಿದ್ದೆ" ಅಂದರು ಮೇಸ್ತ್ರಿ.

"ಯಾವಾಗ?"

"ಸ್ಪ್ಯಾನರ್ ಹಾಕೋವಾಗ. ನೀವು ದೇವರಿಗೆ ಅಂತ ಇಟ್ಟಿರೋ ಕುಂಕುಮ, ಅದರ ಮೇಲೆ ಕಬ್ಬಿಣ ಉಜ್ಜೋದು ಬ್ಯಾಡ ಅನ್ನಿಸ್ತು. ಅದನ್ನ ಬಿಟ್ಟು ಎದುರಿನ ಬೋಲ್ಟ್ ಬಿಗಿದೆ."

ಒಂದು ಬದಿ ಬಿಗಿದರೆ ಬಿಲ್ಲೆ ಓರೆಯಾಗಿ ಎದುರು ಬದಿ ಬಾಯಿ ಬಿಡುತ್ತದೆ. ಅದನ್ನು ನನಗೆ ಕಲಿಸಿದವರೇ ಅವರು. ಇಬ್ಬರೂ ಆ ಕೆಂಪಿಗೆ ಮರ್ಯಾದೆ ಕೊಟ್ಟಿದ್ದೆವು, ಇಬ್ಬರೂ ಅದು ಏನೆಂದು ಕೇಳಿರಲಿಲ್ಲ.

"ಒಂದ್ ಮಾತು ಕೇಳಿದ್ರೆ ನಾನು ಹೇಳ್ತಿದ್ದೆ ಮೇಸ್ತ್ರಿ, ಅದು ನಾನು ಇಟ್ಟಿದ್ದಲ್ಲ ಅಂತ."

"ಕೇಳಿದ್ರೆ ಬೇಜಾರ್ ಮಾಡ್ಕಳ್ತೀಯ ಅಂದ್ಕಂಡೆ ಕಣಪ್ಪ."

ಪಟ್ಟಿ ಬಿಚ್ಚಿದ ದಿನ ನಾನು ಅಲ್ಲಿದ್ದೆ. ಅವರು ಮೊದಲು ಕಿಟಕಿಯ ಕಡೆ, ಆಮೇಲೆ ನನ್ನ ಕಡೆ ತಿರುಗಿದರು. ಬೆಳಕು ಕಂಡಿತು. ಮುಖ ಮಂಜಿನಲ್ಲಿ ನಿಂತ ಹಾಗೆ ಕಂಡಿತು. ಬಣ್ಣಗಳು ಕಂಡವು. ಮೀಟರಿನ ಮುಳ್ಳು, ಸೂಜಿಯ ಕಣ್ಣು ಮತ್ತೆ ಕಾಣಲಿಲ್ಲ. ಗಂಧಕದ ಹೊಗೆಯಂತೂ ಇನ್ನು ಮೇಲೆ ಅವರಿಗೆ ಇಲ್ಲವೇ ಇಲ್ಲ.

ಕೆಲಸಕ್ಕೆ ಮರಳಿದಾಗ ಅವರು ಹೇಳಿದ ಮೊದಲ ಮಾತು: "ಯಂತ್ರದ ಕೋಣೇಲಿ ಕುಂಕುಮ ಬ್ಯಾಡ. ಅರಿಶಿನ ಒಂದೇ. ವಾರ ವಾರ ಹಚ್ಚು."

ಅಂದಿನಿಂದ ಪ್ರತಿ ಶುಕ್ರವಾರ ಹಳೆಯದನ್ನು ಒರೆಸಿ, ಹೊಸ ಅರಿಶಿನವನ್ನು ಒದ್ದೆಯಾಗಿ ಎಲ್ಲ ಜಾಯಿಂಟಿಗೂ ಹಚ್ಚಿದೆ. ಕೆಂಪಾದಲ್ಲಿ ಯಂತ್ರ ನಿಲ್ಲಿಸಿ, ಒತ್ತಡ ಇಳಿಸಿ, ಪ್ಯಾಕಿಂಗು ಬದಲಿಸಿದೆವು. ಮೊದಲ ಶುಕ್ರವಾರವೇ ಮೂರು ಕಡೆ ಕೆಂಪಾಗಿತ್ತು. ಅಷ್ಟು ದಿನ ನಾವು ಕುಡಿಸಿದ್ದೆಲ್ಲ ಅಲ್ಲಿಂದ ಊರಿನ ಗಾಳಿಗೆ ಹೋಗಿತ್ತು. ಬರಬರುತ್ತ ಸಿಲಿಂಡರುಗಳು ಮೂಲೆಯಲ್ಲಿ ತುಂಬಿಯೇ ನಿಂತವು. ಕರೆಂಟು ಹೋಗುವ ಮೊದಲೇ ಗಡ್ಡೆ ಗಟ್ಟಿಯಾಗಿ, ಯಂತ್ರವನ್ನು ನಾವೇ ನಿಲ್ಲಿಸುವ ದಿನಗಳು ಬಂದವು. ಯಜಮಾನರಿಗೆ ಸಂತೋಷವಾಯಿತು. ನನಗೆ ಆ ಮೌನದಲ್ಲೂ ಕೂರಲಾಗುತ್ತಿರಲಿಲ್ಲ.

ಯಾಕೆಂದರೆ ಅರಿಶಿನ ಹಚ್ಚುವವನು ನಾನಾದರೂ ನೋಡುವ ಕೆಲಸವನ್ನು ಮೇಸ್ತ್ರಿ ಯಾರಿಗೂ ಬಿಡಲಿಲ್ಲ. ಮಂಜಾದ ಕಣ್ಣಿಗೆ ದೂರದಿಂದ ಬಣ್ಣ ತಿಳಿಯದು. ಆದ್ದರಿಂದ ಪ್ರತಿ ಜಾಯಿಂಟಿಗೂ ಬಗ್ಗಿ, ಗೇಣು ದೂರಕ್ಕೆ ಮುಖ ಒಯ್ದು, ಕೂಗಿ ಹೇಳುತ್ತಿದ್ದರು.

"ಹಳದಿ."

ನಾನು ತುಂಬಿದ ಚೊಂಬು ಹಿಡಿದು ಅವರ ಹಿಂದೆಯೇ ನಿಂತಿರುತ್ತಿದ್ದೆ.

"ಅದನ್ನ ಯಾಕೆ ಹಿಡ್ಕಂಡೀಯಲೇ, ನನಗೇನು ಸ್ನಾನ ಮಾಡಿಸ್ತೀಯ?"

"ನೀವು ನೋಡ್ರಿ ಮೇಸ್ತ್ರಿ, ಮುಂದಿಂದು."

"ಹಳದಿ" ಅನ್ನುತ್ತಿದ್ದರು. ಇನ್ನೊಂದಕ್ಕೆ ಬಗ್ಗುತ್ತಿದ್ದರು. ಅವರ ಬಾಯಿಂದ ಆ ಮಾತು ಬರುವವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ.