ಶಿರಾದ ಗೆಳೆಯನಿಲ್ಲದ ಹಂಪಿ ಸವಾರಿ

ನಮ್ಮ ನಾಲ್ವರ ಬಡತನದ ಬೆಲೆಯನ್ನು ತೆತ್ತವನು ಒಬ್ಬನೇ: ಶಿರಾದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ನಮ್ಮ ಮುಸಲ್ಮಾನ ಗೆಳೆಯ.

ಅರವತ್ತರ ದಶಕದ ಆರಂಭದಲ್ಲಿ, ಮಧುಗಿರಿಯಲ್ಲಿ ಒಟ್ಟಿಗೆ ಓದಿದ್ದ ನಾವು ಸೈಕಲ್ ತುಳಿದು ಹಂಪಿಗೆ ಹೋಗಲು ನಿಶ್ಚಯಿಸಿದೆವು. ನಾಲ್ಕು ಹಳೆಯ ಸೈಕಲ್ಲುಗಳನ್ನು ಬಿಚ್ಚಿ, ಜೋಡಿಸಿ, ದಾರಿಗೆ ಸಿದ್ಧಮಾಡಿದವನು ಅವನೇ. ಉಳಿದ ಮೂವರು ಅವನ ಅಂಗಡಿಯಲ್ಲೇ ಕುಳಿತು ಯೋಜನೆ ಹಾಕಿದೆವು. ಹೋಟೆಲಿಗೆ ಹಣವಿರಲಿಲ್ಲ; ಆದ್ದರಿಂದ ಪಾವಗಡ ದಾಟಿದ ಮೇಲೆ ಊಟ, ವಸತಿ ಎರಡೂ ಧರ್ಮಛತ್ರಗಳಲ್ಲಿ ಎಂದಾಯಿತು. ಅಲ್ಲಿ ಜಾತಿ ಕೇಳಿ ಬರೆದುಕೊಂಡ ಮೇಲೆಯೇ ಎಲೆ ಹಾಕುತ್ತಾರೆಂಬುದು ನಮಗೆ ಗೊತ್ತಿತ್ತು. ಆದರೂ ಛತ್ರಗಳ ಪಟ್ಟಿ ಮಾಡುವಾಗ ಯಾರೂ ಅವನ ಮುಖ ನೋಡಲಿಲ್ಲ.

ಕೊನೆಗೆ ಕೊರಟಗೆರೆಯ ಗೆಳೆಯ ಹೇಳಿದ: "ಹತ್ ದಿನ ವಿಭೂತಿ ಬಳ್ಕೊಂಡು ಬೇರೆ ಹೆಸ್ರು ಹೇಳ್ಬುಡು ಕಣ್ಲಾ, ಯಾರಿಗ್ ಗೊತ್ತಾಯ್ತದೆ?"

ಅವನು ಟ್ಯೂಬಿಗೆ ಗಾಳಿ ಹಾಕುತ್ತಲೇ ಕೇಳಿದ: "ನಮ್ಮಪ್ಪ ಇಟ್ಟ ಹೆಸ್ರು ಅಂಗಡೀಲಿರ್ಲಿ, ನಾನೊಬ್ನೇ ಬರ್ಲೇನ್ಲಾ?"

ನಾವು ನಕ್ಕೆವು. ಮೂವರೇ ಹೊರಟೆವು. ಛತ್ರಗಳನ್ನು ಬಿಟ್ಟು, ಹುರಿಹಿಟ್ಟು ತಿಂದು, ಮರದಡಿ ಮಲಗಿ ನಾಲ್ವರೂ ಹೋಗಬಹುದಿತ್ತು. ಆ ಮಾತನ್ನು ಸಮಾನತೆಯ ಬಗ್ಗೆ ಶಾಲೆಯಲ್ಲಿ ಭಾಷಣ ಮಾಡಿದ್ದ ನಾನೂ ಆಡಲಿಲ್ಲ.

ನಮ್ಮ ಹೇಡಿತನ ನಮ್ಮದು. ಅದನ್ನು ಯಾರ ಮೇಲೂ ಹೊರಿಸುವುದಿಲ್ಲ. ಆದರೆ ಜಾತಿಯ ಪ್ರಶ್ನೆಯನ್ನು ಬಾಗಿಲಲ್ಲಿ ನಿಲ್ಲಿಸಿದವರು ನೀವು, ಛತ್ರಗಳ ಧರ್ಮದರ್ಶಿಗಳೇ. ಹಸಿದು ಬಂದವನ ಊರನ್ನು ಬೇಕಾದರೆ ಕೇಳಿ. ನಿಮ್ಮ ದಾಖಲೆ ಪುಸ್ತಕದಲ್ಲಿರುವ ಜಾತಿಯ ಕಾಲಮನ್ನು ಇಂದೇ ಹೊಡೆದುಹಾಕಿ.