ಬಿಳಿಯದನ್ನೆಲ್ಲ ಬಿಟ್ಟ ಉದ್ದವ್ವ

ಕುಲಗೋಡದ ಉದ್ದವ್ವನ ಹೆಸರಿಗೂ ಎತ್ತರಕ್ಕೂ ಮೊದಲಿನಿಂದ ಮಾತುಕತೆ ಇರಲಿಲ್ಲ. ಎಪ್ಪತ್ತು ದಾಟಿದ ಮೇಲಂತೂ ಅವಳು ಕಬ್ಬಿನ ಹೊಲದ ಬದುವಿನ ಮೇಲೆ ಹೊರಟರೆ ಬರೀ ಸೆರಗೇ ನಡೆದು ಹೋದಂತೆ ಕಾಣುತ್ತಿತ್ತು. ಆದರೆ ಅವಳ ಪಂಢರಪುರಿ ಎಮ್ಮೆ ಚಂದ್ರಿ ಮಾತು ಕೇಳುತ್ತಿದ್ದದ್ದು ಈ ಗಿಡ್ಡ ಮುದುಕಿಯದು ಮಾತ್ರ. ಚಂದ್ರಿಯ ಕೋಡುಗಳೋ, ಕೊಟ್ಟಿಗೆಯಲ್ಲಿ ಹುಟ್ಟಿ ಮೂಡಲಗಿ ಪೇಟೆಯ ಹಾದಿ ಹಿಡಿದಿದ್ದವು, ಅಷ್ಟುದ್ದ. ಸೊಸೆ ದಾಕ್ಷಾಯಿಣಿ ಒಮ್ಮೆ ಅತ್ತೆಯ ಸೀರೆಯನ್ನೇ ಉಟ್ಟುಕೊಂಡು ಹಿಂಡಲು ಕೂತಳು. ಎಮ್ಮೆ ಮೂಸಿ ನೋಡಿ ಒದ್ದಾಗ ಮೇಲೆ ಹಾರಿದ ಬಕೆಟ್ಟು ಇನ್ನೂ ಕೆಳಗೆ ಬಿದ್ದಿಲ್ಲ ಎನ್ನುವವರಿದ್ದಾರೆ.

ಹೋದ ವರ್ಷ ಉದ್ದವ್ವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಗೋಕಾಕದ ಡಾಕ್ಟರಮ್ಮ ಗದ್ದಲದ ನಡುವೆ, "ಆಯಿ, ಬಿಳೇದೆಲ್ಲಾ ಬಿಡ್ರಿ" ಎಂದರು. ಅವರ ಮನಸ್ಸಿನಲ್ಲಿದ್ದದ್ದು ಸಕ್ಕರೆ, ಮೈದಾ, ಬಿಳಿ ಅನ್ನ. ಉದ್ದವ್ವ ಯಾವುದನ್ನೂ ಅರ್ಧಕ್ಕೆ ಬಿಡುವ ಹೆಂಗಸಲ್ಲ. ಹಾಲು, ಮೊಸರು, ಮಜ್ಜಿಗೆ ಬೆಳ್ಳಗಿದ್ದವು, ಬಿಟ್ಟಳು. ಬಿಳಿಜೋಳದ ರೊಟ್ಟಿ ಹೆಸರಿನಲ್ಲೇ ಸಿಕ್ಕಿಬಿತ್ತು. ಉದ್ದಿನಬೇಳೆಗೂ ಬಾಗಿಲು ಮುಚ್ಚಿತು. ವಿಭೂತಿ ಹಚ್ಚಬಹುದೋ ಹೇಗೆ ಎಂದು ಮಠಕ್ಕೆ ಹೋಗಿ ಕೇಳಿಯೂ ಬಂದಳು. ಉಳಿದದ್ದು ಕರಿ ಚಹಾ, ತಿಳಿ ಸಾರು, ಒಂದಿಷ್ಟು ಪಲ್ಯ. ರಕ್ತದಲ್ಲಿ ಸಕ್ಕರೆ ಇಳಿಯಿತು, ಓಣಿಯೆಲ್ಲ ಹೊಗಳಿತು. ಗಾಳಿ ಬೀಸಿದಾಗ ಮಾತ್ರ ಸೊಸೆ ಅವಳ ಸೆರಗನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿಡಬೇಕಾಗುತ್ತಿತ್ತು.

ಒಂದು ಮುಂಜಾನೆ ಹಾಲು ಹಿಂಡಿ ಮುಗಿಸಿದವಳಿಗೆ ತುದಿಗಾಲಲ್ಲಿ ಕೂತಲ್ಲಿಂದ ಏಳಲಾಗಲಿಲ್ಲ. ತೊಡೆಗಳು ಯಾರದೋ ತೊಡೆಗಳಂತೆ ಸುಮ್ಮನಿದ್ದವು. ಚಂದ್ರಿಯ ಬಾಲ ಹಿಡಿದಳು. ಚಂದ್ರಿ ನೀರು ಕುಡಿಯಲು ಹೊರಟಿತು. ಉದ್ದವ್ವನೂ ಸಗಣಿಯ ಮೇಲೆ ಜಾರುತ್ತ ಹಿಂದೆಯೇ ಹೋದಳು. ಎಲುಬು ಮುರಿಯಲಿಲ್ಲ, ಮಗ ಮಾಲಿಂಗಪ್ಪನ ಧೈರ್ಯ ಮುರಿಯಿತು.

"ಯವ್ವಾ, ಎಮ್ಮಿ ಕೊಟ್ಟಬಿಡೂಣು. ನಾಳೆ ಟೊಂಕ ಮುರಕೊಂಡು ಹಾಸಿಗಿ ಹಿಡದ್ರ ಏನ ಮಾಡೂದು?"

"ಕೊಡೂದಾದ್ರ ನನ್ನೂ ಅದರ ಜೋಡಿ ಹಗ್ಗಾ ಕಟ್ಟಿ ಕೊಡು. ಹೋದ ಮನ್ಯಾಗ ಹಿಂಡೋರ ಬೇಕಲ್ಲ."

ಮಾಲಿಂಗಪ್ಪ ನಗಲಿಲ್ಲ. "ಕುಂತಲ್ಲಿಂದ ಒಬ್ಬಾಕಿನ ಎದ್ದ ತೋರಸು, ಎಮ್ಮಿ ಇರಲಿ. ಕಬ್ಬು ಕಡದ ಮುಗಿಯೂತನಾ ನೋಡತೇನಿ. ಆಮ್ಯಾಲ ವ್ಯಾಪಾರಿನ್ನ ಕರಸತೇನಿ."

ಅಲ್ಲಿಯವರೆಗೆ ಎರಡು ಹೊತ್ತೂ ಅವನೇ ರಟ್ಟೆ ಹಿಡಿದು ತಾಯಿಯನ್ನು ಎಬ್ಬಿಸತೊಡಗಿದ. ಸೊಸೆ ಅವಳನ್ನು ಗೋಕಾಕದ ಬಸ್ಸು ಹತ್ತಿಸಿದಳು.

"ಆಯಿ, ಸಕ್ಕರಿ ಇಳದೈತಿ. ಖರೆ ಅದರ ಜೋಡಿ ನೀವೂ ಇಳದೀರಲ್ರಿ" ಎಂದರು ಡಾಕ್ಟರಮ್ಮ. "ಊಟಾ ಏನ ಮಾಡತೀರಿ?"

"ನೀವ ಹೇಳಿದಂಗರಿ. ಬಿಳೇದು ಮುಟ್ಟೂದಿಲ್ಲ."

"ಹಾಲು?"

"ಅದೇನ ಕರೇದ ಐತೇನ್ರಿ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ತಪ್ಪ ನಂದ ಐತಿ. ಸಕ್ಕರಿ, ಮೈದಾ ಅನ್ನೂ ಬದಲಿ ಬಣ್ಣಾ ಹೇಳಿಬಿಟ್ಟೆ."

ಆಮೇಲೆ ಸಾವಕಾಶವಾಗಿ ತಿಳಿಸಿದರು. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಎಲುಬು ಬಲ ಕಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯಿದ್ದು ಹೊಟ್ಟೆಯನ್ನೂ ಕಟ್ಟಿದರೆ ಇನ್ನೂ ಬೇಗ. ಪ್ರತಿ ಊಟದಲ್ಲಿ ಕಾಳುಬೇಳೆ ಇರಲಿ, ಸಕ್ಕರೆ ಹಾಕದ ಹಾಲು, ಮೊಸರು ಇರಲಿ, ರೊಟ್ಟಿ ಹಿತಮಿತವಾಗಿರಲಿ, ಮೈಗೆ ಬಿಸಿಲು ಬೀಳಲಿ. ಊಟ ಬದಲಾಗುವುದರಿಂದ ಗುಳಿಗೆಯನ್ನೂ ಬದಲಿಸಿ, ರಕ್ತಪರೀಕ್ಷೆಗೆ ಮತ್ತೆ ಬರಲು ಹೇಳಿದರು.

"ಮತ್ತ ದಿನಾ ಕುಂತು ಏಳ್ರಿ. ಮೊದಲ ಕುರ್ಚಿ ಮ್ಯಾಲಿಂದ."

"ಕುಂತು ಏಳೂದನ್ನೂ ಡಾಕ್ಟರ ಕಲಸಬೇಕೇನ್ರಿ?"

"ಏಳಾಕ ಬರವಲ್ದಲ್ರಿ ನಿಮಗ."

ಮೊದಲ ದಿನ ಉದ್ದವ್ವ ಮೊಸರಿನ ಬಟ್ಟಲನ್ನು ಜಗಳಾಡಿ ಮಾತು ಬಿಟ್ಟ ಬೀಗತಿಯನ್ನು ನೋಡಿದಂತೆ ನೋಡಿದಳು. ಮರುದಿನ, ಬಟ್ಟಲು ಸ್ವಲ್ಪ ದೊಡ್ಡದಿರಲಿ ಎಂದಳು. ಮಡಿಕೆಕಾಳಿನ ಉಸುಳಿ, ಝುಣಕ, ಮೆಂತ್ಯದ ಪಲ್ಯ ಒಂದೊಂದಾಗಿ ತಾಟಿಗೆ ಮರಳಿದವು. ಅಂಗಳದ ಬಿಸಿಲಲ್ಲಿ ಕುರ್ಚಿ ಹಾಕಿಸಿ ಅವಳು ಕೂತೆದ್ದ ರಭಸಕ್ಕೆ ಕುರ್ಚಿಯ ಕಾಲುಗಳು ನೆಲದಲ್ಲಿ ಇಳಿದು ಅದೇ ಮಣೆಯಾಯಿತು.

ಪಕ್ಕದ ಮನೆಯ ಸುಂದ್ರವ್ವ ಗೋಡೆಯಾಚೆಯಿಂದ ಕೇಳಿದಳು: "ಏನವಾ, ಕುಸ್ತಿಗೆ ತಯಾರಿ ನಡದೈತಿ?"

"ಹೂಂ. ನಿನ್ನ ಗಂಡನ್ನ ಕಳಸು."

ಕುರ್ಚಿಯಿಂದ ಎದ್ದಳು, ಕಟ್ಟೆಯಿಂದ ಎದ್ದಳು, ಮಣೆಯಿಂದಲೂ ಎದ್ದಳು. ತುದಿಗಾಲಿನಿಂದ ಮಾತ್ರ ಆಗಲೊಲ್ಲದು. ಅಷ್ಟರಲ್ಲಿ ಕಬ್ಬು ಕಡಿದು ಮುಗಿಯಿತು, ವ್ಯಾಪಾರಿ ಬಂದ.

ಆ ಮುಂಜಾನೆ ಅವನು ಹಗ್ಗ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಉದ್ದವ್ವ ಹಿಂಡಿ ಮುಗಿಸಿ, ತುಂಬಿದ ಪಾತ್ರೆಯನ್ನು ಬದಿಗಿಟ್ಟಳು. ಮಾಲಿಂಗಪ್ಪ ರೂಢಿಯಂತೆ ಕೈ ಚಾಚಿದ.

"ಕೈ ಹಿಂದ ತಗೋ."

ಮೊಣಕಾಲಿನ ಮೇಲೆ ಅಂಗೈ ಊರಿ ಮೇಲೆದ್ದಳು. ಅರ್ಧಕ್ಕೆ ತೊಡೆ ನಡುಗಿ ನಿಂತಿತು. ಚಂದ್ರಿ ಮೆಲುಕು ಹಾಕುವುದನ್ನು ಬಿಟ್ಟಿತು; ಮಾಲಿಂಗಪ್ಪನ ಮೊಣಕಾಲುಗಳೂ ತಮಗೇ ತಿಳಿಯದಂತೆ ಬಾಗಿದ್ದವು. ಉಸಿರು ಬಿಗಿಹಿಡಿದು ಉದ್ದವ್ವ ಉಳಿದರ್ಧವನ್ನೂ ಎದ್ದಳು.

"ಬಿಚ್ಚಲೇನ್ರಿ ಎಮ್ಮಿ?" ವ್ಯಾಪಾರಿ ಕೇಳಿದ.

"ಇಲ್ರಿ. ಅದು ನಮ್ಮವ್ವಂದು. ಆಕಿ ಇನ್ನೂ ಹಿಂಡತಾಳ."

ಉದ್ದವ್ವ ಇಬ್ಬರ ಕಡೆಗೂ ನೋಡಲಿಲ್ಲ. ಹಾಲಿನ ಪಾತ್ರೆ ನೆಲದ ಮೇಲೇ ಉಳಿದಿತ್ತು. ಅದನ್ನೆತ್ತಿಕೊಳ್ಳಲು ಮತ್ತೆ ಕೂತಳು.