ಅಳಿಯ ಬಂದರೆ ಕಣ್ಣು ಮುಚ್ಚುವ ಕ್ಯಾಮೆರಾ

ಬಡಾವಣೆಯವರೆಲ್ಲ ಅವಳನ್ನು ಏಣಿಯಕ್ಕ ಎಂದೇ ಕರೆಯುತ್ತಿದ್ದರು. ಮನೆಗಳಿಗೆ ಕ್ಯಾಮೆರಾ ಹಾಕುವ ಕೆಲಸ ಮೊದಲು ಅವಳ ಗಂಡನದಾಗಿತ್ತು. ಏಣಿಯ ಮೂರನೇ ಮೆಟ್ಟಿಲಿಗೇ ಅವನಿಗೆ ತಲೆ ಸುತ್ತಲು ಶುರುವಾದ ಮೇಲೆ ಜೆರಾಕ್ಸ್ ಅಂಗಡಿಯ ಕೆಲಸ ಬಿಟ್ಟು ಇವಳೇ ಹತ್ತಿದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಆ ದಿನ ಕರೆ ಬಂದಿದ್ದು ನಿವೃತ್ತ ಹೆಡ್‌ಮಾಸ್ಟರ ಮನೆಯಿಂದ. ಹಿತ್ತಲ ಕ್ಯಾಮೆರಾ ಮೂರು ತಿಂಗಳಿಂದ ಆಗಾಗ ಸತ್ತು ಆಗಾಗ ಬದುಕುತ್ತಿತ್ತು. ಅಳಿಯ ಮನೆಗೆ ಕಾಲಿಟ್ಟ ಐದೇ ನಿಮಿಷಕ್ಕೆ ಚಿತ್ರ ಹೋಗುತ್ತದೆ, ಅವನು ಹೊರಟರೆ ಬರುತ್ತದೆ. ಹಿತ್ತಲಲ್ಲಿ ಅವನು ಏನೋ ಮಸಲತ್ತು ನಡೆಸುತ್ತಾನೆ ಎಂಬುದು ಮೇಷ್ಟ್ರ ತೀರ್ಪು. ಮಾವ ಅಳಿಯ ಮಾತು ಬಿಟ್ಟು ತಿಂಗಳಾಗಿತ್ತು. ಆ ದಿನವೂ ಮಗಳ ಜೊತೆ ಅವನು ಬಂದಿದ್ದ.

ಏಣಿಯಕ್ಕ ಹತ್ತಿ ವೈರು ಜಗ್ಗಿ ನೋಡಿದಳು, ಗಟ್ಟಿಯಾಗಿಯೇ ಇತ್ತು. ಕೆಳಗಿಳಿದು ಲ್ಯಾಪ್‌ಟಾಪ್ ತೆರೆದು, ಬೀದಿಯ ತುದಿಯವರೆಗೆ ಹೋಗಿ ಬರಲು ಅಳಿಯನಿಗೆ ಹೇಳಿದಳು. ಅವನು ಹೋದ, ಹಿತ್ತಲು ಬಂತು. ಅವನು ಬಂದ, ಹಿತ್ತಲು ಹೋಯಿತು. ಎರಡನೇ ಸಲ ಫೋನನ್ನು ಸೋಫಾದ ಮೇಲಿಟ್ಟು ಹೋಗಲು ಹೇಳಿದಳು. ಈ ಸಲ ಅವನು ಹೋದರೂ ಕ್ಯಾಮೆರಾ ಏಳಲಿಲ್ಲ.

ರೌಟರಿನ ಪಟ್ಟಿ ತೆಗೆದಾಗ ಕಳ್ಳ ಸಿಕ್ಕ. ಮನೆಯ ಒಂದೊಂದು ಯಂತ್ರಕ್ಕೂ ರೌಟರ್ ಒಂದೊಂದು ಐಪಿ ವಿಳಾಸ, ಅಂದರೆ ಮನೆ ನಂಬರಿನಂಥದ್ದೊಂದು ನಂಬರು, ಕೊಡುತ್ತದೆ. ಈ ಕ್ಯಾಮೆರಾಕ್ಕೆ ಮಾತ್ರ ಯಾರೋ ಇಪ್ಪತ್ತನೇ ನಂಬರನ್ನು ಕೈಯಾರೆ ಹಾಕಿ ಗೂಟ ಹೊಡೆದಿದ್ದರು. ಅದು ಗೊತ್ತಿಲ್ಲದ ರೌಟರ್ ಅಳಿಯನ ಫೋನಿಗೂ ಅದೇ ಇಪ್ಪತ್ತನ್ನು ಕೊಡುತ್ತಿತ್ತು. ಒಂದೇ ವಿಳಾಸಕ್ಕೆ ಇಬ್ಬರಾದರೆ ಕ್ಯಾಮೆರಾ ಮೂಲೆ ಸೇರುತ್ತಿತ್ತು.

“ಈ ನಂಬರ್ ಹಾಕಿದ್ದು ಯಾರು?” ಎಂದಳು.

ಮೇಷ್ಟ್ರು ಕನ್ನಡಕ ಒರೆಸಿದರು. ಯಾವುದೋ ವಿಡಿಯೋ ನೋಡಿಕೊಂಡು ತಾವೇ ಹಾಕಿದ್ದಾಗಿ ಒಪ್ಪಿ, ಅವಳನ್ನು ಅಡುಗೆಮನೆಯ ಬಾಗಿಲಿಗೆ ಕರೆದು ದನಿ ತಗ್ಗಿಸಿದರು. “ವೈರು ಹಳೇದಾಗಿತ್ತು ಅಂದ್ಬಿಡಮ್ಮ.”

“ವೈರು ಏನ್ ಪಾಪ ಮಾಡಿತ್ತು ಮೇಷ್ಟ್ರೇ?”

ಅವಳ ಪಿಸುಮಾತೂ ಪಕ್ಕದ ಮನೆಗೆ ಕೇಳುವಂಥದ್ದು. ಮೊದಲು ಮಗಳು ನಕ್ಕಳು, ಆಮೇಲೆ ಮೇಷ್ಟ್ರ ಹೆಂಡತಿ. ಅಳಿಯ ನಗಲಿಲ್ಲ, ಅದಕ್ಕೆ ಪಾಪ ತುಂಬ ಕಷ್ಟಪಟ್ಟ.

ಏಣಿಯಕ್ಕ ರೌಟರ್ ನೂರರಿಂದ ಮೇಲಿನ ನಂಬರುಗಳನ್ನಷ್ಟೇ ಹಂಚುವಂತೆ ಮಾಡಿ, ಇಪ್ಪತ್ತನ್ನು ಕ್ಯಾಮೆರಾಕ್ಕೇ ಬಿಟ್ಟಳು. ಅಳಿಯನ ಫೋನಿನ ವೈಫೈ ಆರಿಸಿ ಮತ್ತೆ ಹಾಕಿದಳು. ಪರದೆಯ ಮೇಲೆ ಹಿತ್ತಲು ಮೂಡಿತು, ಮೂಡಿದ್ದು ಹೋಗಲಿಲ್ಲ. ಅಲ್ಲಿದ್ದದ್ದು ಒಂದು ಬಕೆಟ್ಟು, ಒಣಗಲು ಹಾಕಿದ್ದ ಮೇಷ್ಟ್ರ ಎರಡು ಚಡ್ಡಿ. ಮೂರು ತಿಂಗಳ ಮಸಲತ್ತು ಇಷ್ಟೇ.

ಮೇಷ್ಟ್ರಿಗೆ ತಪ್ಪಾಯಿತು ಎಂದು ಹೇಳಿ ಅಭ್ಯಾಸವಿರಲಿಲ್ಲ. ಗಂಟಲು ಸರಿಮಾಡಿಕೊಂಡು ಅಳಿಯನತ್ತ ತಿರುಗಿದರು. “ನಿಮ್ಮ ಫೋನೂ ಒಂದು ಮಾತು ಕೇಳಿ ಒಳಗೆ ಬರಬೇಕಿತ್ತು.”

“ಅದಕ್ಕೆ ಬುದ್ಧಿ ಹೇಳ್ತೀನಿ ಮಾವ,” ಎಂದ ಅಳಿಯ, ಬಹಳ ಗಂಭೀರವಾಗಿ.

ಆಮೇಲೆ ಇಬ್ಬರೂ ಹಿತ್ತಲಿಗೆ ಹೋಗಿ ಕ್ಯಾಮೆರಾದ ಮುಂದೆ ಕೈ ಬೀಸಿ ಬೀಸಿ ನೋಡಿದರು. ಪರದೆಯಲ್ಲಿ ಅದನ್ನು ನೋಡುತ್ತ ಏಣಿಯಕ್ಕ ಕಾಫಿ ಮುಗಿಸಿದಳು.